ಹುಬ್ಬಳ್ಳಿ ಜಂಕ್ಷನ್: ಬರಕ್ಕೆ ಹಾಕಿದ ಹಳಿ, ಹತ್ತಿಗೆ ಓಡಿದ ಗಾಡಿ

ಕಳೆದ ತಿಂಗಳು ಒಬ್ಬರು ಹುಬ್ಬಳ್ಳಿ ಸ್ಟೇಷನ್ನಿನ ಉದ್ದದ ಪ್ಲಾಟ್‌ಫಾರ್ಮ್ ಬಗ್ಗೆ ಕೇಳಿದ್ದರು. ನಾಲ್ಕು ಸಾಲಿನಲ್ಲಿ ಉತ್ತರ ಮುಗಿಸಿದ್ದೆ. ಅದು ಸಾಲಲಿಲ್ಲ ಅಂತ ನೀವು ಸಾಲುಸಾಲಾಗಿ ಪತ್ರ ಬರೆದಿದ್ದೀರಿ. ಸರಿ, ಈ ಸಲದ ಅಂಕಣ ಪೂರ್ತಿ ಹುಬ್ಬಳ್ಳಿ ಜಂಕ್ಷನ್ನಿಗೇ. ನಾನು ಗದಗ ರಸ್ತೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವನು, ಅಪ್ಪ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಈ ವಿಷಯ ನನಗೆ ಮನೆಯ ಮಾತು.

ಪ್ರಶ್ನೆ: ಧಾರವಾಡ ಜಿಲ್ಲಾ ಕೇಂದ್ರ. ರೈಲ್ವೆ ಕಂಪನಿಯ ದೊಡ್ಡ ಆಫೀಸೂ ಮೊದಲು ಧಾರವಾಡದಲ್ಲೇ ಇತ್ತು ಅಂತ ಕೇಳಿದ್ದೇನೆ. ಮತ್ತೆ ಜಂಕ್ಷನ್ ಹುಬ್ಬಳ್ಳಿಗೆ ಹೋಗಿದ್ದು ಯಾಕೆ? (ಧಾರವಾಡದ ಕಾಲೇಜು ವಿದ್ಯಾರ್ಥಿ)

ನೀವು ಕೇಳಿದ್ದು ನಿಜ. ಆ ಆಫೀಸನ್ನು ನೀವು ನೋಡಿಯೂ ಇದ್ದೀರಿ. ಕರ್ನಾಟಕ ಕಾಲೇಜಿನ ಆ ಹಳೆಯ ಭವ್ಯ ಕಟ್ಟಡ ಇದೆಯಲ್ಲ, ಅದು ಕಾಲೇಜಿಗಾಗಿ ಕಟ್ಟಿದ್ದಲ್ಲ. ಸದರ್ನ್ ಮರಾಠಾ ರೈಲ್ವೆ ಕಂಪನಿಯ ಮುಖ್ಯ ಕಚೇರಿಗಾಗಿ ಕಟ್ಟಿದ್ದು. ಕಾಲೇಜು ಬಂದಿದ್ದು ಆಮೇಲೆ.

ಈಗ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. 1876ರಿಂದ 78ರವರೆಗೆ ದಕ್ಷಿಣ ಭಾರತದಲ್ಲಿ ಭಯಂಕರ ಬರ ಬಿತ್ತು. ನಮ್ಮ ಹಿರಿಯರು ಅದನ್ನು ಸಂವತ್ಸರದ ಹೆಸರಿನಿಂದ ಧಾತು ಈಶ್ವರದ ಬರ ಅನ್ನುತ್ತಿದ್ದರು. ಬಳ್ಳಾರಿ, ಧಾರವಾಡ, ಕಲಾದಗಿ ಸೀಮೆಗೆ ಅದರ ಹೊಡೆತ ತುಂಬಾ ಜೋರಾಗಿ ಬಿತ್ತು. ಕಾಳು ಎಲ್ಲೂ ಇರಲಿಲ್ಲ ಅಂತಲ್ಲ. ಬಂದರಿನಲ್ಲಿ ಬಂದು ಬೀಳುತ್ತಿತ್ತು, ರೈಲು ಇದ್ದ ಕಡೆ ತಲುಪುತ್ತಲೂ ಇತ್ತು. ಅಲ್ಲಿಂದ ಒಳನಾಡಿಗೆ ತರುವುದು ಹೇಗೆ? ಎತ್ತಿನ ಗಾಡಿಯೇ ಗತಿ. ಆದರೆ ಮೇವು ಇಲ್ಲದೆ ಮೊದಲು ಸತ್ತದ್ದು ಎತ್ತುಗಳೇ. ಬದುಕಿದ್ದ ಎತ್ತು ದಾರಿಯಲ್ಲಿ ತಾನು ತಿನ್ನುವುದನ್ನೂ ಹೊತ್ತೇ ನಡೆಯಬೇಕು. ಊಟ ಇದ್ದೂ ಊಟ ತಲುಪದೆ ಜನ ಸತ್ತ ಬರ ಅದು. ಇದನ್ನು ಬರೆಯುವಾಗ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಆ ಬರದ ನಂತರ ಕೂತ ಬರಗಾಲ ಆಯೋಗ 1880ರಲ್ಲಿ ವರದಿ ಕೊಟ್ಟಿತು. ಬರ ಬೀಳುವ ಸೀಮೆಗೆ ರೈಲು ಬೇಕು ಅನ್ನುವುದು ಅದರ ಮುಖ್ಯ ಮಾತುಗಳಲ್ಲಿ ಒಂದು. ಅದರ ಬೆನ್ನಿಗೇ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಅದು ಮೊದಲು ಕೈಗೆತ್ತಿಕೊಂಡಿದ್ದು ಸೊಲ್ಲಾಪುರದ ಹತ್ತಿರದ ಹೋಟಗಿಯಿಂದ ವಿಜಯಪುರ, ಬಾಗಲಕೋಟೆ, ಬಾದಾಮಿ ಮೇಲೆ ಗದಗಿಗೆ ಬರುವ ಹಳಿ. ಅದು 1884ರಲ್ಲಿ ತೆರೆಯಿತು. ಅಂದರೆ ನಮ್ಮ ಸೀಮೆಯ ಮೊದಲ ಹಳಿ ಬಿದ್ದಿದ್ದು ಪ್ರವಾಸಿಗಳಿಗಾಗಿ ಅಲ್ಲ, ಜೋಳದ ಚೀಲಗಳಿಗಾಗಿ.

ಬರಿ ಜೋಳ ಸಾಗಿಸಿ ಕಂಪನಿ ಬದುಕುತ್ತದೆಯೇ? ಬರ ವರ್ಷಾ ವರ್ಷಾ ಬರುವುದಿಲ್ಲ. ಲಾಭ ಇದ್ದದ್ದು ಹತ್ತಿಯಲ್ಲಿ. ಅಮೆರಿಕದಲ್ಲಿ 1861ರಿಂದ 65ರವರೆಗೆ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋಯಿತು. ಆಗ ಅವರ ಕಣ್ಣು ಬಿದ್ದ ಜಾಗಗಳಲ್ಲಿ ನಮ್ಮ ಎರೆಭೂಮಿಯೂ ಒಂದು. ಅಮೆರಿಕದ ತಳಿ ನಮ್ಮಲ್ಲಿ ಬೇರುಬಿಟ್ಟು, ‘ಧಾರವಾಡ ಅಮೆರಿಕನ್’ ಅನ್ನುವ ಹೆಸರಿನಲ್ಲೇ ಮಾರುಕಟ್ಟೆಗೆ ಹೋಗುತ್ತಿತ್ತು. ಗದಗ, ಹುಬ್ಬಳ್ಳಿ ಸುತ್ತಲಿನ ಹತ್ತಿ ಘಟ್ಟ ಇಳಿದು ಕಾರವಾರದ ಬಂದರಿಗೆ ಎತ್ತಿನ ಗಾಡಿಯಲ್ಲಿ ಹೋಗಬೇಕಿತ್ತು. ಕಾರವಾರಕ್ಕೆ ರೈಲು ಬೇಕು ಅನ್ನುವ ಮಾತು ಆಗಲೇ ಎದ್ದಿತ್ತು. ಕಾರವಾರಕ್ಕೆ ಕರಾವಳಿಯ ಕೊಂಕಣ ರೈಲು ಆಮೇಲೆ ಬಂತು, ಆದರೆ ಹುಬ್ಬಳ್ಳಿಯಿಂದ ನೇರ ಘಟ್ಟ ಇಳಿದು ಹೋಗುವ ಹಳಿ ಇವತ್ತಿಗೂ ಬಂದಿಲ್ಲ. ಅದರ ಬಗ್ಗೆ ಇನ್ನೊಂದು ಪ್ರಶ್ನೆ ಇದೆ, ಮುಂದೆ ಹೇಳುತ್ತೇನೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಧಾರವಾಡ ಆಡಳಿತದ ಊರು. ಕಲೆಕ್ಟರ್, ಕೋರ್ಟು, ಶಾಲೆ. ಹುಬ್ಬಳ್ಳಿ ಪೇಟೆ ಊರು. ಹತ್ತಿ, ಅರಳೆ, ಬಟ್ಟೆ, ಧಾನ್ಯ ಎಲ್ಲ ಇಲ್ಲಿ ಬಂದು ಇಳಿಯುತ್ತಿತ್ತು. ಕಂಪನಿಯ ಸಾಹೇಬರು ಕಲೆಕ್ಟರ್ ಇದ್ದ ಊರಿನಲ್ಲಿ ಕೂತರು, ಗಾಡಿ ಸರಕು ಇದ್ದ ಊರಿನಲ್ಲಿ ನಿಂತಿತು. ಇನ್ನೊಂದು ಕಾರಣ ನೆಲದ್ದು. ಧಾರವಾಡ ಏರು ತಗ್ಗಿನ ಊರು, ಹುಬ್ಬಳ್ಳಿ ಅದಕ್ಕಿಂತ ತಗ್ಗಿನಲ್ಲಿದೆ ಮತ್ತು ಬಯಲು. ಹತ್ತಾರು ಹಳಿ ಪಕ್ಕಪಕ್ಕ ಹಾಕಿ ವ್ಯಾಗನ್ ಜೋಡಿಸುವ ಯಾರ್ಡ್ ಬೇಕಾದರೆ ಸಮತಟ್ಟು ನೆಲ ಬೇಕೇಬೇಕು. ಸ್ವಲ್ಪ ಇಳಿಜಾರು ಇದ್ದರೂ ಬಿಚ್ಚಿಟ್ಟ ವ್ಯಾಗನ್ ತಾನಾಗಿಯೇ ಉರುಳಿ ಹೋಗುತ್ತದೆ. ಇದೆಲ್ಲ ಕೂಡಿ ವರ್ಕ್‌ಶಾಪ್ ಕೂಡ 1880ರ ದಶಕದಲ್ಲೇ ಹುಬ್ಬಳ್ಳಿಗೆ ಬಂತು.

ಜಂಕ್ಷನ್ ಅಂದರೆ ಹಳಿ ಕೂಡುವ ಜಾಗ. ಪೂರ್ವಕ್ಕೆ ಗದಗ, ಹೊಸಪೇಟೆ, ಬಳ್ಳಾರಿ, ಗುಂತಕಲ್. ಪಶ್ಚಿಮಕ್ಕೆ ಧಾರವಾಡ, ಲೋಂಡಾ, ಅಲ್ಲಿಂದ ಒಂದು ಕವಲು ಬೆಳಗಾವಿ, ಮೀರಜ್, ಪುಣೆ ಕಡೆಗೆ, ಇನ್ನೊಂದು ಘಟ್ಟ ಇಳಿದು ಗೋವಾದ ಮುರಗಾಂವ್ ಬಂದರಿಗೆ. ದಕ್ಷಿಣಕ್ಕೆ ಹಾವೇರಿ, ಹರಿಹರ. ಹರಿಹರದಲ್ಲಿ ತುಂಗಭದ್ರೆ ದಾಟಿದರೆ ಆಗ ಅದು ಮೈಸೂರು ಸಂಸ್ಥಾನ, ಅಲ್ಲಿಂದ ಬೆಂಗಳೂರು. 1890ರ ಹೊತ್ತಿಗೆ ಈ ಮೂರೂ ದಿಕ್ಕು ಕೂಡಿಕೊಂಡವು. ಮುಂಬೈ ಪ್ರಾಂತ್ಯ, ಮೈಸೂರು ಸಂಸ್ಥಾನ, ಪೋರ್ಚುಗೀಸರ ಗೋವಾ, ಮದ್ರಾಸ್ ಪ್ರಾಂತ್ಯ. ಇಷ್ಟೊಂದು ಬೇರೆ ಬೇರೆ ಆಡಳಿತದ ಸೀಮೆಗಳಿಗೆ ಒಂದೇ ಸ್ಟೇಷನ್ನಿನಿಂದ ಗಾಡಿ ಹೋಗುತ್ತಿತ್ತು. ಕರ್ನಾಟಕ ಒಂದಾಗಿದ್ದು 1956ರಲ್ಲಿ. ಹಳಿಯ ಮೇಲೆ ಅದಕ್ಕಿಂತ ಎಷ್ಟೋ ಮೊದಲೇ ಹುಬ್ಬಳ್ಳಿಯವರು ಬೆಂಗಳೂರಿಗೆ ಹೋಗಿಬಂದು ಮಾಡುತ್ತಿದ್ದರು.

ಪ್ರಶ್ನೆ: ಗೋವಾ ಹಾದಿ ಬಗ್ಗೆ ಇನ್ನಷ್ಟು ಹೇಳಿ. ಪರದೇಶದವರ ಆಳ್ವಿಕೆಯಲ್ಲಿದ್ದ ಬಂದರಿಗೆ ಯಾಕೆ ಹಳಿ ಹಾಕಿದರು? (ಅಳ್ನಾವರದ ಓದುಗರು)

ಕಾರಣ ಹಳಿಯ ಅಗಲದಲ್ಲಿದೆ. ಸದರ್ನ್ ಮರಾಠಾದವರದ್ದು ಮೀಟರ್ ಗೇಜ್, ಎರಡು ಹಳಿಗಳ ನಡುವೆ 1000 ಮಿಲಿಮೀಟರ್. ಮುಂಬೈ ಕಡೆಯಿಂದ ಸೊಲ್ಲಾಪುರದ ಮೇಲೆ ಬರುವ ದೊಡ್ಡ ಲೈನು ಬ್ರಾಡ್ ಗೇಜ್, 1676 ಮಿಲಿಮೀಟರ್. ಹುಬ್ಬಳ್ಳಿಯ ಹತ್ತಿ ಮುಂಬೈಗೆ ಹೋಗಬೇಕಾದರೆ ಹೋಟಗಿಯಲ್ಲೋ ಪುಣೆಯಲ್ಲೋ ಒಂದೊಂದೇ ಅಂಡಿಗೆ ಇಳಿಸಿ, ಹಮಾಲರ ಬೆನ್ನ ಮೇಲೆ ಹೊರಿಸಿ, ಇನ್ನೊಂದು ಗಾಡಿಗೆ ತುಂಬಬೇಕಿತ್ತು. ಸಮಯವೂ ಹೋಗುತ್ತಿತ್ತು, ದುಡ್ಡೂ ಹೋಗುತ್ತಿತ್ತು, ಮಳೆಗಾಲದಲ್ಲಿ ಮಾಲೂ ಹಾಳು. ಮುರಗಾಂವಿಗಾದರೆ ಹುಬ್ಬಳ್ಳಿಯಲ್ಲಿ ಬಾಗಿಲು ಹಾಕಿದ ವ್ಯಾಗನ್ ನೇರ ಸಮುದ್ರದ ದಂಡೆಯಲ್ಲೇ ತೆಗೆಯಬಹುದಿತ್ತು.

ಗೋವಾ ಕಡೆಯ ಹಳಿಯನ್ನು ಬೇರೊಂದು ಕಂಪನಿ ಹಾಕಿತು. 1888ರಲ್ಲಿ ಅದು ಗಡಿಯ ಕ್ಯಾಸಲ್‌ರಾಕ್‌ವರೆಗೆ ಬಂತು. ಕ್ಯಾಸಲ್‌ರಾಕ್ ಅಂದರೆ ಇವತ್ತು ನಮಗೆ ದೂಧ್‌ಸಾಗರ ಜಲಪಾತಕ್ಕೆ ಹೋಗುವ ದಾರಿ, ಆಗ ಅದು ಸುಂಕದ ಕಟ್ಟೆ. ಅಲ್ಲಿಂದ ಕುಳೆಂವರೆಗಿನ ಘಟ್ಟದ ಏರು 37ಕ್ಕೆ 1. ಅಂದರೆ 37 ಅಡಿ ಮುಂದೆ ಹೋದರೆ 1 ಅಡಿ ಮೇಲೆ. ಓದುವಾಗ ಸಣ್ಣದು ಅನ್ನಿಸುತ್ತದೆ, ತುಂಬಿದ ಗೂಡ್ಸ್ ಗಾಡಿಗೆ ಅದು ಗೋಡೆ ಹತ್ತಿದ ಹಾಗೆ. ಹಿಂದಿನಿಂದ ನೂಕಲು ಬ್ಯಾಂಕರ್ ಎಂಜಿನ್ ಬೇಕೇಬೇಕು. ಭಾರತ ಗೋವಾದ ಮೇಲೆ ಆರ್ಥಿಕ ದಿಗ್ಬಂಧನ ಹಾಕಿದ ಮೇಲೆ 1955ರಲ್ಲಿ ಈ ಹಾದಿಯಲ್ಲಿ ಗಡಿ ದಾಟಿ ಹೋಗುವ ಗಾಡಿ ನಿಂತಿತು. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆ ಆದ ನಂತರವೇ ಮತ್ತೆ ಶುರು.

ಈಗ ಈ ಹಾದಿಯಲ್ಲಿ ಹತ್ತಿ ಇಲ್ಲ. ಬಂದರಿನಿಂದ ಕಲ್ಲಿದ್ದಲು ಮೇಲೆ ಬರುತ್ತದೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಡೆಗೆ. ಬಳ್ಳಾರಿ ಹೊಸಪೇಟೆ ಸೀಮೆಯ ಅದಿರು ಕೆಳಗೆ ಹೋಗುತ್ತಿತ್ತು. ಇಂಥ ಭಾರ ಎಳೆಯಬಲ್ಲ, ಅಮೆರಿಕದ ಜನರಲ್ ಮೋಟರ್ಸಿನ ವಿನ್ಯಾಸದ ಶಕ್ತಿಶಾಲಿ ಡೀಸೆಲ್ ಎಂಜಿನ್‌ಗಳು 1999ರ ಹೊತ್ತಿಗೆ ಭಾರತಕ್ಕೆ ಬಂದಾಗ, ಅವುಗಳಿಗೆ ಮನೆಯಾಗಿದ್ದು ಹುಬ್ಬಳ್ಳಿಯ ಡೀಸೆಲ್ ಶೆಡ್. ದೇಶದ ಯಾವ ಮೂಲೆಯ ಸ್ಟೇಷನ್ನಿನಲ್ಲಿ ನಿಂತರೂ, ‘ಹುಬ್ಬಳ್ಳಿ’ ಅಂತ ಬರೆದ ಎಂಜಿನ್ ಕಂಡರೆ ನಮ್ಮ ಕಡೆಯವರ ಎದೆ ಉಬ್ಬುತ್ತಿತ್ತು. ನನ್ನದಂತೂ ಈಗಲೂ ಉಬ್ಬುತ್ತದೆ.

ಪ್ರಶ್ನೆ: ಬೆಂಗಳೂರಿನಿಂದ ವಿಜಯಪುರಕ್ಕೆ ಬರುವಾಗ ರಾತ್ರಿ ಮುಂದೆ ನೋಡಿಕೊಂಡು ಕೂತಿರುತ್ತೇವೆ. ಹುಬ್ಬಳ್ಳಿ ಆದಮೇಲೆ ಗಾಡಿ ಹಿಂದಕ್ಕೆ ಓಡುತ್ತದೆ. ನಮ್ಮ ತಾಯಿಯವರು ಪ್ರತಿ ಸಲ ಗಾಬರಿಯಾಗಿ ‘ಮತ್ತ ಬೆಂಗಳೂರಿಗೇ ಹೊಂಟೀವೇನೋ’ ಅಂತ ಕೇಳುತ್ತಾರೆ. (ವಿಜಯಪುರದ ಓದುಗರು)

ತಾಯಿಯವರಿಗೆ ಧೈರ್ಯ ಹೇಳಿ. ಗಾಡಿ ಸರಿಯಾದ ದಾರಿಯಲ್ಲೇ ಇದೆ.

ಬೆಂಗಳೂರು ಲೈನು, ಗದಗ ಲೈನು ಎರಡೂ ಹುಬ್ಬಳ್ಳಿ ಸ್ಟೇಷನ್ನನ್ನು ಒಂದೇ ತುದಿಯಿಂದ ಸೇರುತ್ತವೆ. ಧಾರವಾಡ ಲೈನು ಇನ್ನೊಂದು ತುದಿಯಲ್ಲಿ. ಒಂದು ಕವೆಗೋಲು ನೆನಪು ಮಾಡಿಕೊಳ್ಳಿ. ಹಿಡಿ ಧಾರವಾಡದ ಕಡೆ, ಎರಡು ಕೊಂಬು ಬೆಂಗಳೂರು ಮತ್ತು ಗದಗ. ಒಂದು ಕೊಂಬಿನಿಂದ ಬಂದು ಇನ್ನೊಂದಕ್ಕೆ ಹೋಗಬೇಕಾದರೆ ಹಿಡಿಯವರೆಗೆ ಬಂದು ತಿರುಗಲೇಬೇಕು. ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಂಥ ಗಾಡಿ ಹುಬ್ಬಳ್ಳಿಯಲ್ಲಿ ಜಾಸ್ತಿ ಹೊತ್ತು ನಿಲ್ಲುವುದು ಅದಕ್ಕೇ. ಎಂಜಿನ್ ಬಿಚ್ಚಬೇಕು, ಹಿಂದಿನ ತುದಿಗೆ ಎಂಜಿನ್ ಜೋಡಿಸಬೇಕು, ಬ್ರೇಕ್ ಪರೀಕ್ಷೆ ಮಾಡಬೇಕು, ಗಾರ್ಡ್ ಇತ್ತ ತುದಿಯಿಂದ ಅತ್ತ ತುದಿಗೆ ಹೋಗಬೇಕು. ಎರಡು ಕೊಂಬುಗಳನ್ನು ನೇರ ಜೋಡಿಸುವ ಬೈಪಾಸ್ ಹಳಿಯೂ ಇದೆ. ಅದರಲ್ಲಿ ಹೋದರೆ ಸಮಯ ಉಳಿಯುತ್ತದೆ, ಆದರೆ ಮುಖ್ಯ ಸ್ಟೇಷನ್ ತಪ್ಪುತ್ತದೆ. ಗೂಡ್ಸ್ ಗಾಡಿಗೆ ಅದು ಸರಿ. ಹುಬ್ಬಳ್ಳಿಯಲ್ಲಿ ಇಳಿಯುವವರು ಹತ್ತುವವರು ಇರುವ ಗಾಡಿಯನ್ನು ಹಾಗೆ ಊರ ಹೊರಗಿನಿಂದ ಕಳಿಸಬಾರದು ಅನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ: ಮೀಟರ್ ಗೇಜ್ ಕಾಲದ ಹುಬ್ಬಳ್ಳಿ ನೆನಪಿದೆಯೇ? ನಮ್ಮ ಮಕ್ಕಳಿಗೆ ಹೇಳಿದರೆ ನಂಬುವುದೇ ಇಲ್ಲ. (ದಾವಣಗೆರೆಯ ನಿವೃತ್ತ ಶಿಕ್ಷಕರು)

ನೆನಪಿಲ್ಲದೆ ಏನು ಸರ್! ಆ ಗಾಡಿಯ ಸಣ್ಣ ಡಬ್ಬಿ, ಕಟ್ಟಿಗೆಯ ಸೀಟು, ಕಣ್ಣಿಗೆ ಬೀಳುವ ಕಲ್ಲಿದ್ದಲ ಚೂರು. ಕಿಟಕಿ ಹತ್ತಿರ ಕೂತು ಬಂದರೆ ಬಿಳಿ ಅಂಗಿ ಮನೆಗೆ ಬರುವಷ್ಟರಲ್ಲಿ ಬೂದಿ ಬಣ್ಣ. ಮುಂಬೈಗೆ ಹೋಗುವವರು ಮೀರಜ್‌ನಲ್ಲಿ ಇಳಿದು ದೊಡ್ಡ ಗಾಡಿ ಹತ್ತಬೇಕಿತ್ತು. ಯಾಕೆಂದರೆ ಪುಣೆ ಮೀರಜ್ ನಡುವಿನ ಹಳಿ 1970ರ ದಶಕದ ಶುರುವಿನಲ್ಲೇ ಬ್ರಾಡ್ ಗೇಜ್ ಆಯಿತು, ಮೀರಜ್‌ನಿಂದ ಈಚೆಗೆ ನಮ್ಮದು ಹಳೆಯದೇ ಉಳಿಯಿತು. ಮಧ್ಯರಾತ್ರಿ ಟ್ರಂಕು, ಹಾಸಿಗೆ ಸುರುಳಿ, ನಿದ್ದೆಗಣ್ಣಿನ ಮಕ್ಕಳು, ಎಲ್ಲರನ್ನೂ ಹೊತ್ತು ಒಂದು ಪ್ಲಾಟ್‌ಫಾರ್ಮಿನಿಂದ ಇನ್ನೊಂದಕ್ಕೆ ಓಡುವುದು. ನಮ್ಮ ಅತ್ತೆ ಒಮ್ಮೆ ಹಾಗೆ ಓಡುವಾಗ ರೊಟ್ಟಿ ಬುತ್ತಿ ಬಿಟ್ಟುಬಂದದ್ದನ್ನು ಸಾಯುವ ತನಕ ನೆನೆದುಕೊಂಡು ಮರುಗುತ್ತಿದ್ದರು.

ಬ್ರಿಟಿಷರು ಮೀಟರ್ ಗೇಜ್ ಆರಿಸಿದ್ದು ಖರ್ಚು ಉಳಿಸಲು. ಸಣ್ಣ ಹಳಿ, ಸಣ್ಣ ಸೇತುವೆ, ಘಟ್ಟದಲ್ಲಿ ಬಿಗಿ ತಿರುವು ಹಾಕಬಹುದು. ಆ ಉಳಿತಾಯದ ಬೆಲೆಯನ್ನು ನಾವು ನೂರು ವರ್ಷ ತೆತ್ತೆವು. ಮುಂಬೈ, ಮದ್ರಾಸ್, ದಿಲ್ಲಿಗಳ ದೊಡ್ಡ ಜಾಲದಿಂದ ಹುಬ್ಬಳ್ಳಿ ಒಂದು ಕೈ ಅಂತರದಲ್ಲೇ ಉಳಿಯಿತು. 1992ರಲ್ಲಿ ದೇಶದ ಹಳಿಯೆಲ್ಲ ಒಂದೇ ಅಗಲ ಮಾಡುವ ಯೋಜನೆ ಶುರುವಾಯಿತು. ಆ ದಶಕದಲ್ಲಿ ಹುಬ್ಬಳ್ಳಿಯ ಮೂರು ದಿಕ್ಕಿನ ಮುಖ್ಯ ಹಳಿಗಳೂ ಒಂದಾದಮೇಲೊಂದು ಬದಲಾದವು. ಗದಗ ಹೋಟಗಿ ಹಾದಿ ಮಾತ್ರ ತುಂಬಾ ತಡವಾಯಿತು, ಅದು ಪೂರ್ತಿ ಮುಗಿದಿದ್ದು 2000ದ ದಶಕದಲ್ಲಿ. ಮೊಟ್ಟಮೊದಲು ಬಿದ್ದ ಹಳಿಗೆ ಎಲ್ಲರಿಗಿಂತ ಕೊನೆಗೆ ಅಗಲ ಸಿಕ್ಕಿತು. ವಿಜಯಪುರ ಬಾಗಲಕೋಟೆಯ ಜನರಿಗೆ ಇದು ನ್ಯಾಯವಲ್ಲ ಅಂತ ನಾನು ಆಗಲೂ ಹೇಳುತ್ತಿದ್ದೆ.

ವರ್ಕ್‌ಶಾಪಿಗೂ ಅದು ಕಷ್ಟದ ಕಾಲ. ಅಪ್ಪನ ವಯಸ್ಸಿನವರು ಮೂವತ್ತು ವರ್ಷ ಮೀಟರ್ ಗೇಜ್ ಬೋಗಿ ಬಿಚ್ಚಿ ಜೋಡಿಸಿದವರು. ಕೈಗೆ ಅಳತೆ ಕೂತುಬಿಟ್ಟಿತ್ತು. ಒಮ್ಮೆಲೇ ಎಲ್ಲ ಹೊಸದು. ಚಕ್ರ ದೊಡ್ಡದು, ಜ್ಯಾಕ್ ದೊಡ್ಡದು, ಕ್ರೇನ್ ದೊಡ್ಡದು. ಕಲಿತರು. ಇವತ್ತು ಅದೇ ವರ್ಕ್‌ಶಾಪಿನಲ್ಲಿ ಬ್ರಾಡ್ ಗೇಜ್ ಕೋಚುಗಳ ಪೂರ್ತಿ ದುರಸ್ತಿ ಆಗುತ್ತದೆ. ಬೆಳಿಗ್ಗೆ ವರ್ಕ್‌ಶಾಪಿನ ಭೋಂಗಾ, ಅಂದರೆ ಸೈರನ್, ಕೂಗಿದರೆ ಗದಗ ರಸ್ತೆಯ ಮನೆಗಳಲ್ಲಿ ಒಲೆಯ ಮೇಲೆ ಚಹಾ ಕುದಿಯುತ್ತಿತ್ತು, ಎರಡನೆಯ ಕೂಗಿಗೆ ಸೈಕಲ್ಲುಗಳ ಹೊಳೆ. ಗೋಡೆ ಗಡಿಯಾರ ಇಲ್ಲದ ಮನೆಗಳೂ ಅದರ ಮೇಲೆ ನಡೆಯುತ್ತಿದ್ದವು.

ಆ ಸೈಕಲ್ ಹೊಳೆಯಲ್ಲಿ ಯಾವ ಭಾಷೆ ಇರಲಿಲ್ಲ ಹೇಳಿ! ಕನ್ನಡ, ಮರಾಠಿ, ಉರ್ದು, ತಮಿಳು, ತೆಲುಗು, ಆಂಗ್ಲೋ ಇಂಡಿಯನ್ನರ ಇಂಗ್ಲಿಷು. ನಮ್ಮ ಚಾಳಿನಲ್ಲಿ ದೀಪಾವಳಿ, ಈದ್, ಕ್ರಿಸ್‌ಮಸ್ ಮೂರಕ್ಕೂ ನಮಗೆ ಹೊಸ ಬಟ್ಟೆ ಇರುತ್ತಿರಲಿಲ್ಲ, ಮೂರಕ್ಕೂ ತಿಂಡಿ ಮಾತ್ರ ಗ್ಯಾರಂಟಿ. 1974ರ ಮೇ ತಿಂಗಳಿನ ದೊಡ್ಡ ರೈಲ್ವೆ ಮುಷ್ಕರದಲ್ಲಿ ದೇಶದ ಎಲ್ಲ ಕಡೆಯಂತೆ ನಮ್ಮ ಸಾಲಿನ ಮನೆಗಳಲ್ಲೂ ಸಂಬಳ ನಿಂತಿತು. ಆಗ ಕಿರಾಣಿ ಅಂಗಡಿಯವರು ಉದ್ರಿ ಕೊಟ್ಟು, ಅಕ್ಕಪಕ್ಕದವರು ಹಿಟ್ಟು ಹಂಚಿಕೊಂಡು ದಿನ ನೂಕಿದ್ದನ್ನು ಅವ್ವ ಹೇಳುತ್ತಿದ್ದಳು.

ಪ್ರಶ್ನೆ: ಬೆಂಗಳೂರು ರಾಜಧಾನಿ. ಆದರೂ ನೈಋತ್ಯ ರೈಲ್ವೆಯ ಕೇಂದ್ರ ಹುಬ್ಬಳ್ಳಿಯಲ್ಲಿ ಯಾಕೆ? ಇದು ಬರೀ ರಾಜಕೀಯ ಅಲ್ವಾ? (ತುಮಕೂರಿನ ಎಂಜಿನಿಯರ್)

ರಾಜಕೀಯ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ‘ಬರೀ’ ಅನ್ನುವುದನ್ನು ಒಪ್ಪುವುದಿಲ್ಲ.

ಹುಬ್ಬಳ್ಳಿಯನ್ನು ಯಾರು ಯಾವ ಊರಿನಿಂದ ಆಳಿದರು ನೋಡಿ. ಮೊದಲು ಧಾರವಾಡ. 1908ರಲ್ಲಿ ಸದರ್ನ್ ಮರಾಠಾ ಕಂಪನಿ ಮದ್ರಾಸ್ ರೈಲ್ವೆ ಜೊತೆ ಕೂಡಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು, ಮುಖ್ಯ ಕಚೇರಿ ಮದ್ರಾಸಿಗೆ ಹೋಯಿತು. 1951ರ ಏಪ್ರಿಲ್‌ನಲ್ಲಿ ದಕ್ಷಿಣ ರೈಲ್ವೆ ಆದಾಗಲೂ ಮದ್ರಾಸೇ. 1966ರ ಅಕ್ಟೋಬರ್‌ನಲ್ಲಿ ದಕ್ಷಿಣ ಮಧ್ಯ ರೈಲ್ವೆ ಹುಟ್ಟಿದಾಗ ಹುಬ್ಬಳ್ಳಿ ವಿಭಾಗ ಅದಕ್ಕೆ ಸೇರಿತು, ಆಗ ಸಿಕಂದರಾಬಾದ್. ಗದಗಿನ ಹತ್ತಿರ ಒಂದು ಮೇಲ್ಸೇತುವೆ ಬೇಕು ಅಂದರೂ ಕಡತ ಅಲ್ಲಿಗೆ ಹೋಗಬೇಕು. ಬೆಂಗಳೂರು, ಮೈಸೂರು ವಿಭಾಗಗಳ ಕಡತ ಮದ್ರಾಸಿಗೆ. ಒಂದೇ ರಾಜ್ಯದ ರೈಲಿಗೆ ರಾಜ್ಯದ ಹೊರಗೆ ಎರಡು ಯಜಮಾನರು.

1996ರಲ್ಲಿ ಹೊಸ ವಲಯಗಳ ಘೋಷಣೆ ಬಂದಾಗ ನೈಋತ್ಯ ರೈಲ್ವೆಗೆ ಬೆಂಗಳೂರು ಕೇಂದ್ರ ಅಂದರು. ಉತ್ತರ ಕರ್ನಾಟಕದಲ್ಲಿ ಹೋರಾಟ ಎದ್ದಿತು. ವಿಧಾನಸೌಧ ಅಲ್ಲಿ, ಹೈಕೋರ್ಟು ಅಲ್ಲಿ, ರೈಲ್ವೆಯೂ ಅಲ್ಲಿಯೇ ಆದರೆ ನಮಗೆ ಉಳಿಯುವುದೇನು ಅನ್ನುವುದು ಜನರ ಮಾತಾಗಿತ್ತು. ಕೊನೆಗೆ ಕೇಂದ್ರ ಹುಬ್ಬಳ್ಳಿಗೆ ಬಂತು, 2003ರ ಏಪ್ರಿಲ್ 1ರಿಂದ ಕೆಲಸ ಶುರು ಮಾಡಿತು. ಹುಬ್ಬಳ್ಳಿ, ಬೆಂಗಳೂರು, ಮೈಸೂರು ಮೂರು ವಿಭಾಗ. ಗದಗ ರಸ್ತೆಯ ರೈಲ್ ಸೌಧ ಅದರ ಮನೆ. 1908ರಲ್ಲಿ ಈ ಜೋಡಿ ಊರಿನಿಂದ ಹೋದ ಮುಖ್ಯ ಕಚೇರಿ 95 ವರ್ಷದ ಮೇಲೆ, 20 ಕಿಲೋಮೀಟರ್ ಈಚೆಗೆ ವಾಪಸ್ ಬಂತು. ನಾನು ಇದನ್ನು ನೋಡುವುದು ಹೀಗೆ. ಯಾರ್ಡ್, ವರ್ಕ್‌ಶಾಪ್, ಶೆಡ್, ಮೂರು ದಿಕ್ಕಿನ ಹಳಿ ಎಲ್ಲ ಇದ್ದ ಊರಿಗೆ ಸಹಿ ಹಾಕುವ ಅಧಿಕಾರವೂ ಬಂದಿದ್ದು ತಪ್ಪು ಅಂತ ಹೇಗೆ ಹೇಳುವುದು?

ಪ್ರಶ್ನೆ: 1507 ಮೀಟರ್ ಪ್ಲಾಟ್‌ಫಾರ್ಮ್ ಬರೀ ದಾಖಲೆಗಾಗಿಯೇ? ಅಷ್ಟು ಉದ್ದದ ಗಾಡಿಯೇ ಇಲ್ಲವಲ್ಲ. (ಕೊಪ್ಪಳದ ಓದುಗರು)

ಅಷ್ಟು ಉದ್ದದ ಪ್ರಯಾಣಿಕರ ಗಾಡಿ ಇಲ್ಲ, ನಿಜ. ಈಗಿನ ಒಂದು ಕೋಚು ಸುಮಾರು 24 ಮೀಟರ್. 24 ಕೋಚಿನ ಗಾಡಿ ಅಂದರೆ ಎಂಜಿನ್ ಸೇರಿ 600 ಮೀಟರ್ ಆಸುಪಾಸು. ಹಾಗಾದರೆ 1507 ಮೀಟರಿನಲ್ಲಿ ಅಂಥ ಎರಡು ಗಾಡಿ ಒಂದರ ಹಿಂದೆ ಒಂದು ನಿಂತು ಇನ್ನೂ ಜಾಗ ಉಳಿಯುತ್ತದೆ. ಉಪಯೋಗ ಅಲ್ಲೇ ಇರುವುದು. ಒಂದೇ ಪ್ಲಾಟ್‌ಫಾರ್ಮಿನಿಂದ ಒಂದು ಗಾಡಿ ಈ ಕಡೆಗೆ, ಇನ್ನೊಂದು ಆ ಕಡೆಗೆ ಹೊರಡಬಹುದು. ಮೂರು ದಿಕ್ಕಿನ ಗಾಡಿ ಒಮ್ಮೆಲೇ ಬಂದು ಸ್ಟೇಷನ್ ಹೊರಗೆ ಸಿಗ್ನಲ್‌ಗೆ ಕಾಯುವುದು ನಮ್ಮಲ್ಲಿ ಹಳೆಯ ಕಾಯಿಲೆ ಆಗಿತ್ತು. ಮೊದಲು ಇದೇ ಪ್ಲಾಟ್‌ಫಾರ್ಮ್ 550 ಮೀಟರ್ ಇತ್ತು. 24 ಕೋಚಿನ ಗಾಡಿಗೇ ಅದು ಸಾಲುತ್ತಿರಲಿಲ್ಲ ನೋಡಿ.

ಹುಬ್ಬಳ್ಳಿ ಬೆಂಗಳೂರು ಜೋಡಿ ಹಳಿಯ ಕೆಲಸದ ಜೊತೆ ಯಾರ್ಡನ್ನು ಹೊಸದಾಗಿ ಜೋಡಿಸುವಾಗ ಇದನ್ನು ಮಾಡಿದರು. ಪ್ಲಾಟ್‌ಫಾರ್ಮ್‌ಗಳ ಸಂಖ್ಯೆ 5ರಿಂದ 8ಕ್ಕೆ ಏರಿತು. 2021ರಲ್ಲಿ ಶುರುವಾದ ಕೆಲಸ, ಖರ್ಚು ಸುಮಾರು 20 ಕೋಟಿ ರೂಪಾಯಿ. 2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದರು. ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರ್ಮ್ ಅಂತ ಗಿನ್ನೆಸ್‌ನವರೂ ಬರೆದುಕೊಂಡರು. ಅದಕ್ಕೂ ಮೊದಲು ಆ ಹೆಸರು ಗೋರಖಪುರದ್ದು, 1366 ಮೀಟರ್.

ನನ್ನ ಒಂದು ತಕರಾರು ಇದೆ, ಅದನ್ನೂ ಹೇಳಿಬಿಡುತ್ತೇನೆ. ಒಂದೂವರೆ ಕಿಲೋಮೀಟರ್ ನಡೆಯಲು ಗಟ್ಟಿ ಕಾಲಿನವರಿಗೇ ಹದಿನೆಂಟು ಇಪ್ಪತ್ತು ನಿಮಿಷ ಬೇಕು. ಮೊಣಕಾಲು ನೋವಿನ ಅಜ್ಜಿ, ಎಳೆ ಮಗು ಎತ್ತಿಕೊಂಡ ಬಾಣಂತಿ, ತಲೆ ಮೇಲೆ ಗಂಟು ಹೊತ್ತು ಬಂದ ಕೂಲಿಯವರು, ಇವರಿಗೆ ಆ ಉದ್ದ ಹೆಮ್ಮೆಯಲ್ಲ, ಶ್ರಮ. ಗಾಡಿ ಯಾವ ತುದಿಯಲ್ಲಿ ನಿಲ್ಲುತ್ತದೆ ಅಂತ ಮೊದಲೇ, ಕನ್ನಡದಲ್ಲಿ, ಸ್ಪಷ್ಟವಾಗಿ ಕೂಗಿ ಹೇಳಬೇಕು. ನಡುನಡುವೆ ನೀರು, ಕೂರುವ ಕಟ್ಟೆ, ನೆರಳು ಬೇಕು. ಉದ್ದದ ಬಗ್ಗೆ ಹಾಕಿದಷ್ಟೇ ಮನಸ್ಸನ್ನು ಇವಕ್ಕೂ ಹಾಕಿದರೆ ನಾನು ಇನ್ನೂ ಜಾಸ್ತಿ ಖುಷಿಪಡುತ್ತೇನೆ.

ಪ್ರಶ್ನೆ: ಸ್ಟೇಷನ್ನಿಗೆ ಸಿದ್ಧಾರೂಢರ ಹೆಸರು ಯಾವಾಗ ಬಂತು? (ಕುಂದಗೋಳದ ಓದುಗರು)

2020ರಲ್ಲಿ. ಈಗ ಪೂರ್ತಿ ಹೆಸರು ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣ, ಹುಬ್ಬಳ್ಳಿ. ಊರಿನ ಹೆಸರು ‘ಹುಬ್ಳಿ’ಯಿಂದ ಅಧಿಕೃತವಾಗಿ ‘ಹುಬ್ಬಳ್ಳಿ’ ಆಗಿದ್ದು 2014ರ ನವೆಂಬರ್ 1ರಂದು. ಜಾತಿ ಮತ ನೋಡದೆ ಎಲ್ಲರನ್ನೂ ಕೂರಿಸಿಕೊಂಡ ಅಜ್ಜನ ಹೆಸರು ರೈಲು ನಿಲ್ದಾಣಕ್ಕೆ ತುಂಬಾ ಒಪ್ಪುತ್ತದೆ. ಮಠಕ್ಕೆ ಬರುವ ಭಕ್ತರು ಹಿಂದಿನಿಂದಲೂ ಇದೇ ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದರು.

ಪ್ರಶ್ನೆ: ಹುಬ್ಬಳ್ಳಿ ಅಂಕೋಲಾ ರೈಲು ನಮ್ಮ ಕಾಲಕ್ಕೆ ಬರುತ್ತದೆಯೇ? (ಅಂಕೋಲೆಯ ಓದುಗರು)

ಹತ್ತಿ ಗಾಡಿಯ ಕಾಲದಿಂದ ಕೇಳುತ್ತಿರುವ ಪ್ರಶ್ನೆ ಇದು. 1990ರ ದಶಕದಲ್ಲಿ ಯೋಜನೆ ಮಂಜೂರಾಯಿತು. ಉದ್ದ 160 ಕಿಲೋಮೀಟರಿಗೂ ಜಾಸ್ತಿ. ಬಯಲಿನ ಭಾಗ ತೊಂದರೆಯಲ್ಲ. ಯಲ್ಲಾಪುರದಿಂದ ಕೆಳಗೆ ಪಶ್ಚಿಮಘಟ್ಟದ ದಟ್ಟ ಕಾಡಿದೆ. ಅಲ್ಲಿ ಮರ ಕಡಿಯುವುದು, ಪ್ರಾಣಿಗಳ ಓಡಾಟ, ಗುಡ್ಡ ಕುಸಿತ, ಈ ಪ್ರಶ್ನೆಗಳು ಕೋರ್ಟು, ಸಮಿತಿ ಅಂತ ಸುತ್ತುತ್ತಲೇ ಬಂದಿವೆ.

ಹುಬ್ಬಳ್ಳಿಯವನಾಗಿ ನನಗೆ ಆ ಹಳಿ ಬೇಕು. ಆದರೆ ಘಟ್ಟದ ಮಳೆಯೇ ನಮ್ಮ ನದಿಗಳ ತಾಯಿ ಅನ್ನುವುದನ್ನೂ ಮರೆಯಲಾರೆ. ಕಾಡಿಗೆ ಪೆಟ್ಟು ಕಡಿಮೆ ಆಗುವ ಹಾಗೆ ಸುರಂಗ, ಮೇಲ್ಸೇತುವೆ ಹೆಚ್ಚು ಮಾಡಿ ಹಾಕುವುದಾದರೆ ಹಾಕಲಿ, ಅದಕ್ಕೆ ಖರ್ಚು ಜಾಸ್ತಿ ಆದರೂ ಆಗಲಿ. ಅಗ್ಗಕ್ಕೆ ಹಾಕಿದ ಹಳಿಯ ಬೆಲೆ ಏನು ಅಂತ ಮೀಟರ್ ಗೇಜ್ ನಮಗೆ ಒಮ್ಮೆ ತೋರಿಸಿದೆ.

ಪ್ರಶ್ನೆ: ಶಾಲೆ ಮಕ್ಕಳನ್ನು ಹುಬ್ಬಳ್ಳಿ ಸ್ಟೇಷನ್ ನೋಡಲು ಕರೆದುಕೊಂಡು ಬರುತ್ತಿದ್ದೇವೆ. ಉದ್ದದ ಪ್ಲಾಟ್‌ಫಾರ್ಮ್ ಬಿಟ್ಟು ಏನು ತೋರಿಸಬೇಕು? (ನರಗುಂದದ ಶಿಕ್ಷಕಿ)

ಎಷ್ಟು ಒಳ್ಳೆಯ ಕೆಲಸ ಮೇಡಂ! ಮೊದಲು ಗದಗ ರಸ್ತೆಯ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ. 2020ರಲ್ಲಿ ತೆರೆದದ್ದು. ಮಲಪ್ರಭಾ, ಘಟಪ್ರಭಾ ಅಂತ ಹೆಸರಿನ ಎರಡು ಹಳೆಯ ಕಲ್ಲಿನ ಮನೆಗಳಲ್ಲಿ ಇದೆ. ಹಳೆಯ ಎಂಜಿನ್, ದೀಪ, ಟಿಕೆಟ್, ಸಿಗ್ನಲ್ ಸಾಮಾನು ನೋಡಲು ಸಿಗುತ್ತವೆ. ನರಗುಂದದ ಮಕ್ಕಳಿಗೆ ಮಲಪ್ರಭೆ ಗೊತ್ತೇ ಇರುತ್ತಾಳೆ, ಹೆಸರು ಕೇಳಿದ ಕೂಡಲೇ ಕಣ್ಣು ಅರಳುತ್ತದೆ.

ಆಮೇಲೆ ಸ್ಟೇಷನ್ನಿನ ಪಾದಚಾರಿ ಸೇತುವೆ ಹತ್ತಿಸಿ, ಬೆಂಗಳೂರು ಗದಗ ಕಡೆಯ ತುದಿ ನೋಡಿಸಿ. ಹಳಿ ಎಲ್ಲಿ ಕವಲಾಗುತ್ತದೆ ಅಂತ ಅವರೇ ಹುಡುಕಲಿ. ಧಾರವಾಡ ಬೆಂಗಳೂರು ವಂದೇ ಭಾರತ್ 2023ರ ಜೂನ್‌ನಿಂದ ಇದೇ ದಾರಿಯಲ್ಲಿ ಓಡುತ್ತಿದೆ, ಸಮಯ ಕೂಡಿಬಂದರೆ ಅದನ್ನು ತೋರಿಸಿ. ಅದು ಹೋದಮೇಲೆ ಒಂದು ಗೂಡ್ಸ್ ಗಾಡಿ ಬರುವ ತನಕ ಕಾಯಿರಿ. ಮಕ್ಕಳು ವ್ಯಾಗನ್ ಎಣಿಸಲಿ. ಸಾಧ್ಯವಾದರೆ ಹಳಿ ಕೆಲಸದ ಒಬ್ಬ ಟ್ರ್ಯಾಕ್‌ಮನ್ ಅಥವಾ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ಸ್‌ಮನ್ ಜೊತೆ ಹತ್ತು ನಿಮಿಷ ಮಾತಾಡಿಸಿ, ಸುಡುಬಿಸಿಲಿನಲ್ಲಿ ಹಳಿ ಹಿಗ್ಗಿದರೆ ಏನು ಮಾಡುತ್ತೀರಿ ಅಂತ ಮಕ್ಕಳೇ ಕೇಳಲಿ. ಮತ್ತೆ, ವಾಪಸ್ ಗದಗ ಕಡೆಗೆ ಬಸ್ಸಿನಲ್ಲಿ ಹೋಗಬೇಡಿ, ಗದಗಿನವರೆಗಾದರೂ ಪ್ಯಾಸೆಂಜರ್ ಗಾಡಿ ಹತ್ತಿ. ದಾರಿಯಲ್ಲಿ ಎರಡೂ ಕಡೆ ಎರೆಹೊಲ ಬರುತ್ತದೆ. ಹತ್ತಿ ಬಿಡಿಸುವ ಕಾಲವಾಗಿದ್ದರೆ ಇನ್ನೂ ಒಳ್ಳೆಯದು, ಈ ಹಳಿ ಯಾಕೆ ಬಂತು ಅಂತ ಕಿಟಕಿಯಲ್ಲೇ ಕಾಣುತ್ತದೆ.